ಸೀತಾಫಲದ ತಿರುಳು

ಬರದ ವರ್ಷ, ನೌಬಾದದ ನಮ್ಮ ಪಕ್ಕದ ಮನೆಯಾಕೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೊರಟಾಗ ತನ್ನ ನಾಯಿಯನ್ನು ನನಗೆ ಒಪ್ಪಿಸಿದಳು.

“ರೊಟ್ಟಿ ತಿನ್ನದ ಬಿಟ್ಟರ ಸೀತಾಫಲ ಕೊಡ್ರಿ. ಬೀಜ ಹೊಟ್ಟಿಗಿ ಹೋಗಬಾರದ್ರಿ, ವಿಷ ಅದ. ನಾ ಬಾಯಾಗ ಹಾಕ್ಕೊಂಡು ಬೀಜ ಉಗುಳಿ, ತಿರುಳು ಅಂಗೈಯಾಗ ಇಟ್ಟು ತಿನಸ್ತೇನಿ. ನೀವು ಓದಿದೋರು, ಹೇಸ್ತೀರಿ!” ಎಂದು ನಕ್ಕಳು.

ಅವಳು ಹತ್ತಿದ ಲಾರಿ ಹೋದ ಮೇಲೆ ನಾಯಿ ರೊಟ್ಟಿ ಮುಟ್ಟಲಿಲ್ಲ. ಚಮಚದಿಂದ ಬೀಜ ತೆಗೆದು ತಟ್ಟೆಯಲ್ಲಿ ಹಣ್ಣಿಟ್ಟೆ. ಮೂಸಿ, ರಸ್ತೆಯತ್ತ ಮುಖ ತಿರುಗಿಸಿತು. ಕೊನೆಗೆ ಅವಳಂತೆಯೇ ಬೀಜ ಉಗುಳಿ ಅಂಗೈ ಚಾಚಿದೆ.

ಒಮ್ಮೆ ನೆಕ್ಕಿತೆಂದು ನನಗೆ ನೆನಪಿದೆ. ನಾನು ಬಯಸಿದ್ದೇ ನೆನಪಾಗಿ ಉಳಿದಿರಲೂಬಹುದು. ಅಂಗೈಯ ತಿರುಳಿಗೆ ಇರುವೆ ಹತ್ತುವವರೆಗೂ ನಾಯಿ ರಸ್ತೆಯನ್ನೇ ನೋಡುತ್ತಿದ್ದದ್ದು ಮಾತ್ರ ಖಚಿತ.