ಕೊನೆಗದ್ದೆಯ ನೀರು

ಸಿದ್ದನಕೊಪ್ಪಲಿನ ಶಾಲೆಗೆ ವರ್ಗವಾಗಿ ಬಂದ ಮೇಷ್ಟ್ರು ನೀರುಗಂಟಿ ಕೆಂಚಯ್ಯನನ್ನು ಮೊದಲು ಕಂಡದ್ದು ೧೯೫೫ರ ಆಷಾಢದಲ್ಲಿ. ಹಿರೀಸಾವೆಯಲ್ಲಿ ಬಸ್ಸಿಳಿದು, ಟ್ರಂಕನ್ನು ಹೆಗಲ ಮೇಲಿಟ್ಟುಕೊಂಡು ಎರಡು ಹರದಾರಿ ನಡೆದು, ಕೆರೆಯ ಏರಿಗೆ ಕಾಲಿಡುವಷ್ಟರಲ್ಲಿ ಕೆಳಗಿನಿಂದ ಒಂದು ಕೂಗು ಬಂದಿತು.

“ಅಲ್ಲೇ ನಿಂತ್ಕಳಿ ಸಾ! ಅದು ನೆನ್ನೆ ಹಾಕಿರೋ ಮಣ್ಣು. ಮೆಟ್ಟಿದ್ರೆ ನೀವೂ ಜಾರ್ತೀರಿ, ನನ್ ಏರೀನೂ ಜಾರ್ತದೆ.”

ಕೂಗಿದವನು ಮೇಲೆ ಹತ್ತಿ ಬಂದನು. ನಲವತ್ತೈದರ ಆಸುಪಾಸು, ಎತ್ತರದ ಆಳು, ತೊಡೆಯವರೆಗೆ ಕೆಸರು. ಟ್ರಂಕಿಗೆಂದು ಚಾಚಿದ ಕೈಯನ್ನು ಏನೋ ನೆನಪಾದವನಂತೆ ಹಿಂದೆಗೆದುಕೊಂಡನು. ಮೇಷ್ಟ್ರೇ ಅದನ್ನು ಅವನ ಕೈಗೆ ಕೊಟ್ಟರು.

“ಕೆರೆ ನಿನ್ನದೇನಪ್ಪ?” ಎಂದು ನಗುತ್ತ ಕೇಳಿದರು.

“ನಂದೇನ್ ಬಂತು ಸಾ? ನೀರು ಗೌಡ್ರದು, ಮೀನು ಸರ್ಕಾರದ್ದು. ಬೈಗುಳ ಮಾತ್ರ ನಂದು.”

ಕೆರೆಯ ತೂಬನ್ನು ತೆಗೆದು ಮುಚ್ಚುವವನೂ, ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂದು ಗೊತ್ತುಮಾಡುವವನೂ ನೀರುಗಂಟಿ. ಆ ಕೆಲಸ ಊರಾಚೆಯ ಕೇರಿಯ ಕೆಂಚಯ್ಯನ ಮನೆತನಕ್ಕೆ ಅವನ ಮುತ್ತಾತನ ಕಾಲದಿಂದಲೂ ನಡೆದುಬಂದಿತ್ತು. ಅದಕ್ಕೊಂದು ಕಟ್ಟಳೆ: ಆ ಕೆರೆಯ ನೀರು ಹರಿಯುವ ಕಡೆ ನೀರುಗಂಟಿಗೆ ಅಂಗೈಯಗಲ ಗದ್ದೆಯೂ ಇರಕೂಡದು. ಇದ್ದರೆ ಕೈ ಅತ್ತ ವಾಲುತ್ತದೆ. ನೀರು ಸಾಲದ ವರ್ಷ ಕಾಲುವೆಯ ತುದಿಯ ಗದ್ದೆಗೇ ಮೊದಲು ನೀರು ಬಿಡಬೇಕು. ಮೇಲಿನ ಗದ್ದೆಯವರು ಹೇಗೂ ಕದ್ದು ತಿರುಗಿಸಿಕೊಳ್ಳಬಲ್ಲರು. ತುದಿಯವರಿಗೆ ನೀರುಗಂಟಿಯನ್ನು ಬಿಟ್ಟರೆ ಯಾರೂ ಇಲ್ಲ. ಕೆಂಚಯ್ಯನು ಇದನ್ನು ಎಷ್ಟು ನೇರವಾಗಿ ನಡೆಸುತ್ತಿದ್ದನೆಂದರೆ, ಪಟೇಲ ಚನ್ನಪ್ಪನವರ ಗದ್ದೆಯ ಬಾಯನ್ನು ಅವರ ಕಣ್ಣೆದುರಿಗೇ ಮುಚ್ಚಿ ಹೋದದ್ದುಂಟು. ಅವನನ್ನು ಪ್ರಶ್ನಿಸುವ ರೂಢಿಯೇ ಊರಿನಲ್ಲಿ ಇರಲಿಲ್ಲ.

ಮರುವರ್ಷ ಮೂಡಣದ ಗುಡ್ಡಕ್ಕೆ ಗಣಿ ಬಂದಿತು. ಊರಿನವರು ಎಮ್ಮೆ ಅಟ್ಟಲು ಎಸೆಯುತ್ತಿದ್ದ ಕರಿಕಲ್ಲು ಕ್ರೋಮ್ ಅದಿರೆಂದೂ, ಉಕ್ಕಿನ ಕಾರ್ಖಾನೆಗಳಿಗೆ ಬೇಕಾದದ್ದೆಂದೂ ಆಗ ತಿಳಿಯಿತು. ಅದಿರನ್ನು ಒಡೆದು, ಆರಿಸಿ, ಗುಂಡಿಯಲ್ಲಿ ತೊಳೆದು, ಲಾರಿಗೆ ತುಂಬಿ ಹಾಸನದ ರೈಲಿಗೆ ಕಳುಹಿಸುತ್ತಿದ್ದರು. ಕೇರಿಯ ಹನ್ನೊಂದು ಮಂದಿಗೆ ಅಲ್ಲಿ ಕೆಲಸ ಸಿಕ್ಕಿತು. ಅವರಲ್ಲಿ ಕೆಂಚಯ್ಯನ ಮಗ ಚಿಕ್ಕಯ್ಯನೂ ಒಬ್ಬ. ಯಾರ ಜಗಲಿಯ ಮುಂದೆಯೂ ಕಾಯದೆ ವಾರಕ್ಕೊಮ್ಮೆ ಕೂಲಿ ಕೈಗೆ ಬರುವುದನ್ನು ಕೇರಿ ಕಂಡದ್ದು ಅದೇ ಮೊದಲು. ಯಾರೋ ಉಟ್ಟು ಬಿಟ್ಟದ್ದಲ್ಲದ ಸೀರೆಯನ್ನು ಹೆಂಡತಿ ಮಾಯಮ್ಮ ಉಟ್ಟ ದಿನ ಕೆಂಚಯ್ಯನು ಅವಳನ್ನು ಎರಡು ಸಲ ತಿರುಗಿ ನೋಡಿದನು. ಗದ್ದೆಯಿಲ್ಲದವನ ಕೈ ಯಾವ ಕಡೆಗೂ ವಾಲದೆಂದು ಕಟ್ಟಳೆ ಮಾಡಿದ ಹಿರಿಯರಿಗೆ ಗಣಿಯೊಂದು ಬಂದೀತೆಂಬ ಎಣಿಕೆ ಇರಲಿಲ್ಲ.

೧೯೫೮ರಲ್ಲಿ ಹಿಂಗಾರು ಸರಿಯಾಗಿ ಬರಲಿಲ್ಲ. ಕಾರ್ತಿಕದಲ್ಲಿ, ಬತ್ತದ ತೆನೆ ಹಾಲು ಕಟ್ಟುವ ಹೊತ್ತಿಗೆ, ಗಣಿಯ ಮೇಸ್ತ್ರಿ ರುದ್ರಯ್ಯ ಕಾಲುವೆಯ ಬಳಿ ಬಂದು ನಿಂತನು.

“ಕೆಂಚಯ್ಯ, ತೊಳೆಯೋ ಗುಂಡಿ ಒಣಗೋಗದೆ ಕಣಪ್ಪ. ತೊಳೀದಿರೋ ಅದಿರ್ನ ಕೊಳ್ಳೋರು ಮುಟ್ಟಾಕಿಲ್ಲ. ಸೋಮವಾರದಿಂದ ನಿಮ್ ಕೇರಿಯೋರು ಬರಾದ್ ಬ್ಯಾಡ ಅಂದವ್ರೆ ಸಾಹೇಬ್ರು.”

“ನಾನೇನ್ಮಾಡ್ಲಿ ಮೇಸ್ತ್ರಿ? ಮಳೆ ನನ್ ಮಾತು ಕೇಳ್ತದಾ?”

“ಮಳೆ ಕೇಳಾಕಿಲ್ಲ, ಕಾಲುವೆ ಕೇಳ್ತದೆ. ಗುಡ್ಡದ ಬುಡದಾಗೇ ಅರೀತದಲ್ಲ. ಒಂದ್ ಗುದ್ಲಿ ಮಣ್ಣು ಎಳದ್ರಾಯ್ತು. ನಿನ್ನ ಯಾವತ್ತಾರಾ ಯಾರಾರಾ ಯಾಕೆ ಅಂತ ಕೇಳವ್ರಾ?”

ಕೇಳಿರಲಿಲ್ಲ. ಮಾರನೆಯ ಬೆಳಿಗ್ಗೆ, ಬಿಸಿಲಿನಲ್ಲಿ, ಕೆಂಚಯ್ಯನು ಒಂದು ಗುದ್ದಲಿ ಮಣ್ಣನ್ನು ಎಳೆದನು.

ಯಾರ ಸರದಿಯ ನೀರನ್ನು ತಿರುಗಿಸುವುದೆಂದು ಅವನು ಮೊದಲೇ ಯೋಚಿಸಿದ್ದನು. ಮೇಲಿನವರದಾದರೆ ಅರ್ಧ ಗಳಿಗೆಯಲ್ಲಿ ಗದ್ದಲವೇಳುತ್ತಿತ್ತು. ಕಾಲುವೆಯ ತುದಿಯಲ್ಲಿ ಹದಿನೈದು ಗುಂಟೆ ಗದ್ದೆಯಿದ್ದ ವಿಧವೆ ಹೊನ್ನಕ್ಕ ಮಗಳೊಬ್ಬಳೊಡನೆ ಬೇಸಾಯ ಮಾಡುತ್ತಿದ್ದಳು. ಆಕೆ ಅವನ ಮಾತನ್ನು ಎಂದೂ ಸಂಶಯಿಸಿದವಳಲ್ಲ. ಅದಕ್ಕಾಗಿಯೇ ಅವಳ ನೀರನ್ನು ಆರಿಸಿಕೊಂಡನು. ನೀರನ್ನು ತಿರುಗಿಸಿದ್ದಕ್ಕಿಂತ ಈ ಆಯ್ಕೆಯೇ ಮುಂದೆ ಅವನನ್ನು ಹೆಚ್ಚು ಸುಟ್ಟದ್ದು.

ಸಂಜೆ ಹೊನ್ನಕ್ಕ ಏದುತ್ತ ಬಂದಳು.

“ಲೋ ಕೆಂಚಯ್ಯ, ಸರದಿ ಬಂದು ಓಯ್ತು, ಗದ್ದೇಲಿ ಅಂಗಾಲೂ ನೆನೀಲಿಲ್ವಲ್ಲೋ!”

“ಬಿಟ್ಟಿದ್ನಲ್ಲವ್ವ,” ಎಂದನು ಕೆಂಚಯ್ಯ. ನಾಲಗೆ ತಡವರಿಸಲಿಲ್ಲ. ಅದು ಅವನಿಗೇ ಆಶ್ಚರ್ಯವಾಯಿತು. “ನಿಮ್ ಬದದಾಗೆ ಏಡಿ ತೂತು ಮಾಡಿರ್ಬೇಕು. ನೋಡ್ಕಳಿ.”

“ಅಂಗಾ? ಈ ಆಳಾದ್ ಏಡಿಗೆ ನನ್ ಗದ್ದೇನೇ ಬೇಕಿತ್ತಾ!”

ತಾಯಿಮಗಳು ಎರಡು ದಿನ ಬದುವನ್ನೆಲ್ಲ ಅಗೆದು, ಕಂಡಕಂಡ ಬಿಲಕ್ಕೆ ಜೇಡಿಮಣ್ಣು ಮೆತ್ತಿದರು. ಕೆಂಚಯ್ಯನು ಕಾಲುವೆಯ ಮೇಲೆ ನಿಂತು ನೋಡುತ್ತಿದ್ದನು. ಆಗಲಾದರೂ ಹೇಳಬಹುದಾಗಿತ್ತು. ಎರಡನೆಯ ಸರದಿಯ ನೀರೂ ಗಣಿಗೇ ಹೋಯಿತು. ಹನ್ನೊಂದು ಮಂದಿಯ ಕೆಲಸ ಉಳಿಯಿತು.

ಸುಗ್ಗಿಯಲ್ಲಿ ಹೊನ್ನಕ್ಕನ ಕಣದಲ್ಲಿ ಬತ್ತವನ್ನು ತೂರಿದಾಗ ಗಾಳಿಯೇ ಮುಕ್ಕಾಲುಪಾಲನ್ನು ಹೊತ್ತುಕೊಂಡು ಹೋಯಿತು. ಎಲ್ಲ ಜೊಳ್ಳು. ನೀರುಗಂಟಿಗೆ ಪ್ರತಿ ಕಣದಿಂದಲೂ ಒಂದು ಮೊರ ಬತ್ತ ಸಲ್ಲಬೇಕು. ಅದನ್ನು ಆಯವೆನ್ನುತ್ತಾರೆ. ಆ ವರ್ಷ ಕೆಂಚಯ್ಯನು ಅವಳ ಕಣದ ಕಡೆಗೆ ಹೋಗಲೇ ಇಲ್ಲ. ಆಕೆಯೇ ಮೊರ ತುಂಬಿಕೊಂಡು ಕೇರಿಯವರೆಗೆ ಬಂದಳು.

“ಈ ವರ್ಸ ಬ್ಯಾಡ ಕಣವ್ವ. ನಿಮ್ಗೇ ಇಲ್ಲ.”

“ಸುಮ್ಕಿರ್ಲಾ. ನೀನು ನೀರು ಬಿಟ್ಟೆ, ಏಡಿ ಕುಡೀತು. ಏಡಿ ತಪ್ಪಿಗೆ ನಿನ್ ಆಯ ಇಡ್ಕಳಾಕಾಯ್ತದಾ?”

ಅವನು ಪಂಚೆ ಒಡ್ಡಿ ಇಸಿದುಕೊಂಡನು. ಆದರೆ ಕುಟ್ಟಲು ಬಿಡದೆ ಮೂಲೆಯ ಮಡಕೆಯಲ್ಲಿ ಇರಿಸಿದನು.

“ಬತ್ತ ಏನು ದ್ಯಾವ್ರಾ, ಪೂಜೆ ಮಾಡಾಕೆ?” ಎಂದು ಮಾಯಮ್ಮ ಕೆಣಕಿದಳು. ಅವನು ಎಲ್ಲವನ್ನೂ ಹೇಳಿದ ಮೇಲೆ ಮಡಕೆಯ ಬಾಯಿ ಮುಚ್ಚಿ, “ಹನ್ನೊಂದು ಮನೆ ಒಲೆ ಉರೀತಾ ಅವೆ. ನೀನು ಬಾಯ್ಬಿಟ್ರೆ ಊರೋರು ಗಣಿ ದಾರಿ ಕಡೀತಾರೆ. ಆ ಒಲೆಯೆಲ್ಲಾ ಆರ್ತವೆ. ತೂಬೂ ನಿನ್ ಕೈ ತಪ್ತದೆ. ನೋಡ್ಕ,” ಎಂದಳು.

ಅವನು ನೋಡಿಕೊಂಡನು, ಸುಮ್ಮನಿದ್ದನು. ಫಾಲ್ಗುಣದಲ್ಲಿ ಹೊನ್ನಕ್ಕನ ಮಗಳ ಮದುವೆ ನಿಂತಿತು. ಬತ್ತ ಬರಲಿಲ್ಲ, ಒಂದು ವರ್ಷ ತಡೆಯಿರಿ ಎಂದು ಆಕೆ ಬಾಗೂರಿನ ಬೀಗರಿಗೆ ಹೇಳಿಕಳುಹಿಸಿದ್ದಳು. ಅವರು ತಡೆಯಲಿಲ್ಲ, ಬೇರೆ ಕಡೆಯಿಂದ ಹೆಣ್ಣು ತಂದುಕೊಂಡರು. ಸುದ್ದಿ ಬಂದ ದಿನ ಕೆಂಚಯ್ಯನು ಊಟಕ್ಕೆ ಕುಳಿತು ತುತ್ತೆತ್ತದೆ ಕೈತೊಳೆದುಕೊಂಡು ಎದ್ದನು.

ಶ್ರಾವಣದಲ್ಲಿ ತೂಬು ತೆಗೆಯುವ ಮೊದಲು ಊರೆಲ್ಲ ಏರಿಯ ಮೇಲೆ ಕೂಡುವುದು ವಾಡಿಕೆ. ನೀರುಗಂಟಿ ತೂಬಿನ ಕಲ್ಲನ್ನು ಮುಟ್ಟಿ, ಹೆಚ್ಚು ಬಿಡುವುದಿಲ್ಲ, ಕಡಿಮೆ ಬಿಡುವುದಿಲ್ಲ, ಕೊನೆಗದ್ದೆಯನ್ನು ಮರೆಯುವುದಿಲ್ಲ ಎಂದು ಹೇಳಬೇಕು. ಇಪ್ಪತ್ತೈದು ವರ್ಷ ಅದನ್ನು ಹೇಳಿದ ಕೆಂಚಯ್ಯನು ಆ ದಿನ ಕೈ ಚಾಚಿ ಹಾಗೆಯೇ ನಿಂತನು.

“ಏನ್ಲಾ ಕೆಂಚಯ್ಯ, ಕೈ ಇಡ್ಕಂತಾ?” ಎಂದರು ಪಟೇಲರು. ಹಿಂದಿನಿಂದ ಯಾರೋ, “ಮಾತೇ ಮರ್ತೋಗದೆ, ಮೇಷ್ಟ್ರೇ ಬರ್ಕೊಡಿ!” ಎಂದರು. ಜನ ನಕ್ಕರು.

“ಮರ್ತಿಲ್ಲ ಗೌಡ್ರೇ. ಯೋಳಾಕೆ ನಂಗೆ ಯೋಗ್ಯತೆ ಇಲ್ಲ. ಓದ್ ವರ್ಸ ಹೊನ್ನಕ್ಕಾರ ನೀರು ಏಡಿ ಕುಡೀಲಿಲ್ಲ. ನಾನು ಗಣೀಗೆ ತಿರುಗ್ಸಿದ್ದೆ. ಎರಡು ಸರದಿ.”

ಎಲ್ಲರಿಗಿಂತ ಮೊದಲು ಹೊನ್ನಕ್ಕನ ದನಿ ಕೇಳಿಸಿತು.

“ಅಯ್ಯೋ ನಿನ್ ಮನೆ ಕಾಯ್ವಾಗ! ಇಡೀ ಬದಾನೇ ಅಗುದ್ನಲ್ಲೋ! ಎರಡು ದಿನ ಏಡೀಗೆ ಸಾಪ ಆಕ್ದೆ! ನೀನು ಅಲ್ಲೇ ಮ್ಯಾಲೆ ನಿಂತ್ಕಂಡು ನೋಡ್ತಿದ್ದೆ!”

“ನೋಡ್ತಿದ್ದೆ ಕಣವ್ವ.”

“ನನ್ ಮೊರದ್ ಬತ್ತಾನೂ ಇಸ್ಕಂಡೆ!”

“ಇಸ್ಕಂಡೆ.”

ಆಕೆ ಮುಖಕ್ಕೆ ಸೆರಗು ಒತ್ತಿಕೊಂಡಳು. ಕೆಲವರು ಕೂಡಲೇ ಹೋಗಿ ಗಣಿಯ ದಾರಿಯನ್ನು ಕಡಿಯಬೇಕೆಂದು ಎದ್ದರು. ಮಾಯಮ್ಮ ಹೆದರಿದ್ದು ಅದಕ್ಕೇ. ತಡೆದವಳು ಹೊನ್ನಕ್ಕನೇ.

“ದಾರಿ ಕಡುದ್ರೆ ನನ್ ಬತ್ತ ವಾಪಸ್ ಬತ್ತದಾ? ಕೇರಿ ಮಕ್ಳು ಅನ್ನ ಕಿತ್ಕಂಡ್ರೆ ನನ್ ಮಗಳ ಮದ್ವೆ ಆಯ್ತದಾ? ಗಣಿಯೋರ್ಗೆ ನೀರು ಬೇಕಂದ್ರೆ ಊರ್ನ ಕೇಳ್ಲಿ. ಈ ಕೆರೆ ತುಂಬಾ ಊಳು. ಲಾರಿ ಮಡಿಕಂಡವ್ರಲ್ಲ, ಊಳು ತೆಗೀಲಿ, ಆಮ್ಯಾಕೆ ನೀರು ಕೇಳ್ಲಿ!”

ಆಗ ಕೆಂಚಯ್ಯನು ಮೆಲ್ಲಗೆ ಇನ್ನೊಂದು ಮಾತು ಹೇಳಿದನು. ಗಣಿಯ ಹಳ್ಳ ಈಚೆಗೆ ಆಳಕ್ಕೆ ಹೋಗಿ ಒರತೆ ಒಡೆದಿದೆಯೆಂದೂ, ಕರಿಕೆಸರು ಬೆರೆತ ಆ ನೀರು ಅದಿರು ತೊಳೆಯಲು ಬಾರದೆಂದು ಪಂಪು ಇಟ್ಟು ಗುಡ್ಡದ ಆಚೆಗಿನ ಕೊರಕಲಿಗೆ ಚೆಲ್ಲುತ್ತಿರುವರೆಂದೂ ಮಗ ಹೇಳಿದ್ದನು. ಈಚೆಯ ಇಳಿಜಾರಿಗೆ ತಿರುಗಿಸಿದರೆ ತಾನಾಗಿ ಹರಿದು ಕೆರೆಗೇ ಬರುತ್ತದೆ.

ಪಟೇಲರು, ಮೇಷ್ಟ್ರು, ಹೊನ್ನಕ್ಕ, ಹಿಂದೆ ಕೆಂಚಯ್ಯ, ನಾಲ್ವರೂ ಗಣಿಯ ಮ್ಯಾನೇಜರರ ಬಳಿಗೆ ಹೋದರು. ಮ್ಯಾನೇಜರರು ಕೆಟ್ಟವರಲ್ಲ. ಕಾಲುವೆಯ ನೀರು ಊರಿನ ಒಪ್ಪಿಗೆಯಿಂದಲೇ ಬಂದದ್ದೆಂದು ತಿಳಿದಿದ್ದರು. ಆದರೆ ಹೂಳೆತ್ತುವ ಮಾತಿಗೆ, “ನಮ್ಮದು ಗಣಿ, ಧರ್ಮಛತ್ರವಲ್ಲ,” ಎಂದುಬಿಟ್ಟರು.

“ಧರ್ಮಕ್ಕೆ ಯಾರ್ ಕೇಳಿದ್ರು ಸ್ವಾಮಿ?” ಎಂದಳು ಹೊನ್ನಕ್ಕ. “ನಾಟಿಗೆ, ಕುಯ್ಲಿಗೆ ಜನ ಯೋಳ್ದೆ ಕೇಳ್ದೆ ಓಗ್ಬುಡ್ತಾರೆ, ಲಾರಿ ಸುಮ್ಕೆ ನಿಂತ್ಕತದೆ ಅಂತ ನಿಮ್ ಮೇಸ್ತ್ರಿ ಊರೆಲ್ಲಾ ಬೈಕಂಡು ತಿರುಗ್ತಾನೆ. ಆ ನಿಂತಿರೋ ಲಾರಿ ನಮ್ಗೆ ಕೊಡಿ. ವರ್ಸೆಲ್ಲಾ ಜನ, ವರ್ಸೆಲ್ಲಾ ತೊಳೆಯೋ ನೀರು ನಾವ್ ಕೊಡ್ತೀವಿ.”

ಮ್ಯಾನೇಜರರು ನಕ್ಕರು. ಆಮೇಲೆ ಯೋಚಿಸಿದರು. ಎರಡು ವಾರದ ಮಾತುಕತೆಯ ಮೇಲೆ ಒಂದು ಕರಾರಾಯಿತು. ಮೇಷ್ಟ್ರು ಅದನ್ನು ಎರಡು ಪ್ರತಿ ಬರೆದರು. ಗಣಿಯ ಒರತೆಯ ನೀರು ಒಂದು ತಿಳಿಗೊಳದಲ್ಲಿ ನಿಂತು, ಕರಿಕೆಸರು ತಳಕ್ಕಿಳಿದ ಮೇಲೆ ಕೆರೆಗೆ ಬರತಕ್ಕದ್ದು. ಅದಿರು ತೊಳೆಯಲು ಗಣಿಗೂ ಎಲ್ಲರಂತೆ ಒಂದು ಸರದಿ. ನಾಟಿ ಕೊಯ್ಲುಗಳಿಗೆ ಆಳುಗಳನ್ನು ಒಟ್ಟಿಗೆ ಬಿಡದೆ ಪಾಳಿಯ ಮೇಲೆ ಬಿಡುವುದು. ಬೇಸಗೆಯಲ್ಲಿ ಲಾರಿಗಳಿಂದ ಕೆರೆಯ ಹೂಳೆತ್ತುವುದು. ಮೊದಲ ಲಾರಿ ಹೂಳು ಹೊನ್ನಕ್ಕನ ಗದ್ದೆಗೆ ಎಂಬುದನ್ನು ಬರೆಯಿಸಿದವರು ಪಟೇಲರು.

ಊರು ಕೆಂಚಯ್ಯನನ್ನು ತೆಗೆದುಹಾಕಲಿಲ್ಲ. “ತಪ್ಪು ಒಪ್ಕಂಡೆ, ಆಯ್ತು. ನೀನೇ ಇರ್ಲಾ,” ಎಂದರು ಪಟೇಲರು. ಅವನೇ ಒಲ್ಲೆನೆಂದನು. ತೂಬಿನ ಬಳಿ ಒಬ್ಬನೇ ನಿಲ್ಲುವುದು ಬೇಡ, ಕೇರಿಯವನೊಬ್ಬ ಇದ್ದರೆ ಕೊನೆಗದ್ದೆಯವರೊಬ್ಬರೂ ಇರಲಿ ಎಂದು ಕೇಳಿಕೊಂಡನು. ಅಂದಿನಿಂದ ಹಾಗೆಯೇ ನಡೆದಿದೆ. ತಮ್ಮನ ಮಗನಿಗೆ ಕೆಲಸ ಒಪ್ಪಿಸಿ ಇವನು ದೂರ ಸರಿದನು. ಹೊನ್ನಕ್ಕ ಎರಡು ವರ್ಷ ಅವನೊಡನೆ ಮಾತನಾಡಲಿಲ್ಲ.

ಹೂಳು ಬಿದ್ದ ಗದ್ದೆಗಳು ತಿರುಗಿಕೊಂಡವು. ಆ ಹದಿನೈದು ಗುಂಟೆಯಲ್ಲಿ ಹಿಂದೆಂದೂ ಕಾಣದ ಬೆಳೆ ಬಂದಿತು. ಗಣಿಯಲ್ಲಿ ಈಗ ಕೇರಿಯವರೂ ಗೌಡರ ಮನೆಯ ಹುಡುಗರೂ ಸೇರಿ ಅರವತ್ತು ಮಂದಿ ಇದ್ದಾರೆ. ಲಾರಿ ಒಂದು ದಿನವೂ ನಿಂತದ್ದಿಲ್ಲವೆಂದು ರುದ್ರಯ್ಯನೇ ಹೇಳುತ್ತಾನೆ. ಹೊನ್ನಕ್ಕನ ಮಗಳನ್ನು ಮೂರು ವರ್ಷ ತಡವಾಗಿ ಹಳ್ಳಿಮೈಸೂರಿಗೆ ಕೊಟ್ಟರು. ಎರಡನೆಯ ಸಂಬಂಧದ ಗಂಡು. ಕಷ್ಟಕ್ಕೇನೂ ಇಲ್ಲವೆಂದು ಅವಳು ಬಂದಾಗಲೆಲ್ಲ ಹೇಳುತ್ತಾಳೆ. ಕೆಂಚಯ್ಯನು ಮಾತ್ರ ಅವಳು ಊರಿಗೆ ಬಂದಿರುವಳೆಂದರೆ ಆ ಬೀದಿಗೆ ಹೋಗುವುದಿಲ್ಲ.

ಒಮ್ಮೆ ಕಾಲುವೆಯ ಬಳಿ ಹೊನ್ನಕ್ಕನೇ ಮಾತು ತೆಗೆದಳು. “ಲೋ, ನೀನು ಅವತ್ತು ಕಳ್ಳತನ ಮಾಡ್ದೆ ಇದ್ದಿದ್ರೆ ಈ ಊಳೆಲ್ಲಿ ಬರ್ತಿತ್ತು, ಈ ಬೆಳೆಯೆಲ್ಲಿ ಬರ್ತಿತ್ತು? ಬುಡತ್ಲಾಗೆ.”

ಆಕೆ ಕನಿಕರದಿಂದಲೇ ಹೇಳಿದ್ದು. ಆದರೆ ಅವನಿಗೆ ಬೈಗುಳಕ್ಕಿಂತ ಅದೇ ಹೆಚ್ಚು ನಾಟಿತು. “ಒಳ್ಳೇದಾಯ್ತು ಅಂತ ನೀವು ಅನ್ಬೌದು ಕಣವ್ವ. ನಾನು ಅಂದ್ಕಂಡ್ರೆ ಅದು ಇನ್ನೊಂದು ಕಳ್ಳತನ,” ಎಂದು ಗುದ್ದಲಿ ಎತ್ತಿಕೊಂಡು ಹೊರಟುಹೋದನು.

ಈಗ ಕೆಂಚಯ್ಯನಿಗೆ ಅರವತ್ತು ದಾಟಿದೆ. ಗಣಿಯ ತಿಳಿಗೊಳವನ್ನು ನೋಡಿಕೊಳ್ಳುವ ಕೆಲಸ ಅವನದು. ದಿನವೂ ಹೊತ್ತು ಹುಟ್ಟುವ ಮೊದಲೇ ಹೋಗಿ ತಳದ ಕರಿಕೆಸರನ್ನು ಎತ್ತಿ ಹಾಕುತ್ತಾನೆ. ಮೇಲಿನ ನೀರನ್ನು ಒಂದು ಗಾಜಿನ ಸೀಸೆಯಲ್ಲಿ ತುಂಬಿ ಕಲ್ಲಿನ ಮೇಲೆ ಇಟ್ಟು, ಬಿಸಿಲು ಏರುವವರೆಗೆ ಅದರೆದುರು ಕುಳಿತಿರುತ್ತಾನೆ. ಸೀಸೆಯ ತಳದಲ್ಲಿ ಕೂದಲೆಳೆಯಷ್ಟು ಕಪ್ಪು ಕಂಡರೂ ಕೆರೆಯ ಕಡೆಗೆ ನೀರು ಬಿಡುವ ಹಲಗೆಯನ್ನು ಎತ್ತುವುದಿಲ್ಲ. ಹೊಸದಾಗಿ ಬಂದ ಎಂಜಿನಿಯರು ಮೊನ್ನೆ ಕೈಗಡಿಯಾರ ನೋಡಿಕೊಳ್ಳುತ್ತ, “ತಿಳಿಯಾಗೇ ಇದೆಯಲ್ಲ ತಾತ, ಎತ್ತು, ಕೊಳ ತುಂಬಿ ಪಂಪು ನಿಲ್ಲಿಸಬೇಕಾಗಿದೆ,” ಎಂದರು.

ಕೆಂಚಯ್ಯನು ಸೀಸೆಯನ್ನು ಬಿಸಿಲಿಗೆ ಹಿಡಿದು ಒಂದು ಸುತ್ತು ತಿರುಗಿಸಿ ನೋಡಿದನು.

“ಇನ್ನೊಂದು ಗಳಿಗೆ ತಡೀರಿ ಸಾ,” ಎಂದು ಅದನ್ನು ಮತ್ತೆ ಕಲ್ಲಿನ ಮೇಲೆ ಇಟ್ಟನು.