ಬೆಳಗ್ಗೆ ಗೆದ್ದು ಸಂಜೆ ಗುಡಿಸುವಾಕೆ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಟಿವಿ ಪ್ರಶಸ್ತಿ ಸಮಾರಂಭ ನಡೆಯಲಿರುವ ಸಭಾಂಗಣದ ವೇದಿಕೆಯಿಂದ ಘೋಷಣೆ ಮೊಳಗುತ್ತದೆ: "ಈ ವರ್ಷದ ಅತ್ಯುತ್ತಮ ನಟಿ..." ಮೂರನೇ ಸಾಲಿನಿಂದ ನೀಲಿ ಸಮವಸ್ತ್ರದ ಹೆಂಗಸೊಬ್ಬರು ಏಳುತ್ತಾರೆ. ಪೊರಕೆಯನ್ನು ಕುರ್ಚಿಗೆ ಒರಗಿಸಿ, ಮೆಟ್ಟಿಲು ಹತ್ತಿ, ಎರಡೂ ಕೈಯೊಡ್ಡಿ ನೀರು ತುಂಬಿದ ಬಾಟಲಿಯೊಂದನ್ನು ಸ್ವೀಕರಿಸುತ್ತಾರೆ. ಅಸಲಿ ಪ್ರಶಸ್ತಿಯೂ ಅಷ್ಟೇ ತೂಕವಂತೆ. ಅಭಿನಂದಿಸುವವನು ಏಣಿಯ ಮೇಲಿರುವ ದೀಪದವನೊಬ್ಬನೇ, ಅದೂ ಒಂದು ಕೈಯಿಂದ ಏಣಿ ಬಡಿದು.

ಇಲ್ಲಿ ಇವರನ್ನು ಕರೆಯುವುದೇ 'ಪ್ರಶಸ್ತಿ ಅಕ್ಕ' ಎಂದು. ಕೆಲಸ ಕಸ ಗುಡಿಸುವುದು. ವರ್ಷಕ್ಕೊಮ್ಮೆ, ತಾರೆಯರು ಇನ್ನೂ ಹೊದ್ದು ಮಲಗಿರುವಾಗ, ಅವರ ಜಾಗದಲ್ಲಿ ಕೂತು ಗೆಲ್ಲುವ ಕೆಲಸವೂ ಇವರ ಪಾಲಿಗಿದೆ. ಸಂಜೆಯ ಸಮಾರಂಭಕ್ಕೆ ಕ್ಯಾಮೆರಾ, ದೀಪ, ಮೈಕು ಎಲ್ಲ ಹದಕ್ಕೆ ಬರಬೇಕಲ್ಲ. ಹದಿನಾಲ್ಕು ವರ್ಷದಲ್ಲಿ ಅಕ್ಕ ಗೆಲ್ಲದ ಪ್ರಶಸ್ತಿಯಿಲ್ಲ, ಅತ್ಯುತ್ತಮ ಖಳನಾಯಕನದೂ ಸೇರಿ. "ಅದೊಂದಕ್ಕೆ ಮಾತ್ರ ನನ್ ಮಗಳು, ಸರಿಯಾದವರಿಗೇ ಕೊಟ್ಟಿದ್ದಾರೆ ಅಂದ್ಲು," ಎಂದು ನಗುತ್ತಾರೆ.

ಮೈಕು ಪರೀಕ್ಷಿಸಲು ಬೇರೆಯವರು ಒಂದು, ಎರಡು, ಮೂರು ಎಂದು ಎಣಿಸಿ ಇಳಿದುಬಿಡುತ್ತಾರೆ. ಅಕ್ಕನಿಗೆ ಅದು ಒಗ್ಗದು. "ಕೈಗೆ ಕೊಟ್ಟ ಮೇಲೆ ಥ್ಯಾಂಕ್ಸ್ ಹೇಳದೆ ಇಳಿಯೋದು ಹೇಗೆ?" ಹಾಗಾಗಿ ಪ್ರತಿ ವರ್ಷ ಖಾಲಿ ಕುರ್ಚಿಗಳ ಮುಂದೆ ಮನಸಾರೆ ಕೃತಜ್ಞತೆ ಹೇಳುತ್ತಾರೆ. ತಾವು ಓಡಿ ಬರುವುದನ್ನು ಕಂಡರೆ ಬಸ್ಸು ನಿಲ್ಲಿಸುವ ಡ್ರೈವರಿಗೆ, ಚಹಾ ಕೊಡುವ ಕಾವಲುಗಾರನಿಗೆ, ಕೊನೆಗೆ ಅತ್ತೆಗೆ.

ಪ್ರಶಸ್ತಿ ಗೆಲ್ಲುವ ಧಾರಾವಾಹಿಗಳಲ್ಲಿ ಅತ್ತೆ ಸೊಸೆ ಹಾವು ಮುಂಗುಸಿಯಂತೆ ಕಾದಾಡುತ್ತಾರೆ. ಅವನ್ನು ಬರೆಯುವವರು ಒಮ್ಮೆ ಅಕ್ಕನ ಮನೆಗೆ ಬರಬೇಕು. ಗಂಡ ತೀರಿಕೊಂಡಾಗ ಮಕ್ಕಳಿಬ್ಬರೂ ಚಿಕ್ಕವರು. ನೆಂಟರಿಷ್ಟರು ಅಯ್ಯೋ ಪಾಪ ಎಂದು ಕೈತೊಳೆದುಕೊಂಡರು. ಮಗನನ್ನೇ ಕಳೆದುಕೊಂಡ ಅತ್ತೆ ಮಾತ್ರ, "ನೀನು ಕೆಲಸಕ್ಕೆ ಹೋಗು, ಮಕ್ಕಳನ್ನ ನಾನು ನೋಡ್ಕೋತೀನಿ," ಎಂದರು. ಹಗಲು ಮಕ್ಕಳ ಜೊತೆಗಿರಬೇಕೆಂದು ಅತ್ತೆಯೂ ನೂಲಿನ ಗಿರಣಿಯಲ್ಲಿ ರಾತ್ರಿ ಪಾಳಿ ಹಿಡಿದರು. ಗಿರಣಿಯ ಗದ್ದಲ ನಿಧಾನವಾಗಿ ಅವರ ಕಿವಿಯನ್ನು ತಿಂದುಹಾಕಿತು.

"ಮಾಡಿದ್ದನ್ನ ಒಂದು ದಿನಾನೂ ಎತ್ತಿ ಆಡಲಿಲ್ಲ ಅವರು. ನಾನೂ ಇವತ್ತು ಹೇಳೋಣ, ನಾಳೆ ಹೇಳೋಣ ಅಂತಾನೇ ಇದ್ದೆ. ಕೊನೆಗೊಂದು ದಿನ ಮನೇಲಿ ಕೂಗಿ ಹೇಳ್ದೆ. ಅಕ್ಕಪಕ್ಕದ ಮನೆಯವರಿಗೆಲ್ಲ ಕೇಳಿಸ್ತು, ಅತ್ತೆಗೆ ಕೇಳಿಸ್ಲಿಲ್ಲ. ಉಳಿದಿರೋ ಚೂರೂ ಬೇಗ ಹೋಗತ್ತೆ ಅಂದಿದ್ದಾರೆ ಡಾಕ್ಟ್ರು. ಅಷ್ಟರೊಳಗೆ ಒಂದ್ಸಲ ಅವರ ಕಿವಿಗೆ ಬಿದ್ರೆ ಸಾಕು."

ಅದಕ್ಕೇ ಈ ಸಲ ಅತ್ತೆಯನ್ನು ಜೊತೆಗೇ ಕರೆತಂದು, ಆಳೆತ್ತರದ ಸ್ಪೀಕರಿನ ಎದುರಿಗೇ ಕೂರಿಸಿದ್ದಾರೆ. ಆದರೆ ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಮೈಕಿನವನು ಕೂಗುತ್ತಾನೆ. "ಅಕ್ಕಾ, ಟೈಮಿಲ್ಲ. ಈ ಸಲ ಭಾಷಣ ಬೇಡ, ಮೂರರ ತನಕ ಎಣಿಸಿ ಸಾಕು."

ಹೇಳಿದ ಮಾತು ಮೀರುವ ಜಾಯಮಾನ ಅಕ್ಕನದಲ್ಲ. "ಒಂದು... ಎರಡು..." ಎನ್ನುತ್ತಾರೆ. ಮೂರು ಎನ್ನುವ ಬದಲು ಅತ್ತೆಯತ್ತ ನೋಡುತ್ತಾರೆ.

ಏಣಿಯ ಮೇಲಿಂದ ದೀಪದವನು, "ಸ್ಪೀಕರ್ ಮುಂದೆ ಕೂತಿರೋದು ಯಾರು ನೋಡಪ್ಪಾ. ಅಕ್ಕನ ಅತ್ತೆ," ಎನ್ನುತ್ತಾನೆ.

ಆ ಕೃತಜ್ಞತೆಯನ್ನು ವರ್ಷವರ್ಷವೂ ಕೇಳಿದವನು ಮೈಕಿನವನು. ದನಿಯ ಗುಂಡಿಯನ್ನು ಪೂರ್ತಿ ಏರಿಸುತ್ತಾನೆ. "ಮೂರು ಬೇಡ ಅಕ್ಕಾ. ಅತ್ತೆ ವಿಷಯಕ್ಕೆ ಬನ್ನಿ."

"ಅತ್ತೆ," ಎನ್ನುತ್ತಾರೆ ಅಕ್ಕ. ಕುರ್ಚಿಗಳು ಅದುರುತ್ತವೆ. "ನನ್ ಮಕ್ಕಳು ಉಂಡಿದ್ದು, ಓದಿದ್ದು ಎಲ್ಲಾ ನಿಮ್ಮಿಂದ. ಎಲ್ಲರೂ ಬಿಟ್ಟುಹೋದಾಗ ನೀವೊಬ್ರೇ ನನ್ನ ಕೈ ಬಿಡ್ಲಿಲ್ಲ."

ಗೆದ್ದವರು ಮನೆಯವರನ್ನು ನೆನೆದಾಗ ಕ್ಯಾಮೆರಾ ಅವರತ್ತ ತಿರುಗಬೇಕೆಂಬುದು ಸಮಾರಂಭದ ರೂಢಿ. ಅಭ್ಯಾಸಬಲದಿಂದ ಕ್ಯಾಮೆರಾ ತಿರುಗುತ್ತದೆ. ದೊಡ್ಡ ಪರದೆಯ ತುಂಬ ಅತ್ತೆಯ ಮುಖ. ತಮ್ಮನ್ನೇ ಅಲ್ಲಿ ಕಂಡು ಆಕೆ ಕೂದಲು ನೇವರಿಸಿಕೊಳ್ಳುತ್ತಾರೆ, ಆಮೇಲೆ ಕಣ್ಣೊರೆಸಿಕೊಳ್ಳುತ್ತಾರೆ. ಕಿವಿ ಮಂದವಾದವರ ದೊಡ್ಡ ದನಿಯಲ್ಲಿ ಉತ್ತರ ಬರುತ್ತದೆ.

"ಕೇಳಿಸ್ತು ಕಣೇ. ಇನ್ನೊಂದ್ಸಲ ಹೇಳು."

ಅಕ್ಕ ಬಾಟಲಿಯನ್ನು ಎದೆಗವಚಿಕೊಂಡು ಮೊದಲಿನಿಂದ ಶುರುಮಾಡುತ್ತಾರೆ.