ನಾರಾಯಣಪ್ಪ ಹಾಸು ಕಟ್ಟುತ್ತಿದ್ದ ಕಾರು

ಕಳೆದ ಭಾನುವಾರ ನನ್ನ ಕಾರನ್ನು ನಾನೇ ಮಾರಿದೆ. ಬುಧವಾರ ಬೆಳಗ್ಗೆ ಬೀದಿಯವರೆಲ್ಲ ಮನೆ ಮುಂದೆ ಸೇರಿ, ಯಾರನ್ನು ಕೇಳಿ ಮಾರಿದೆ ಅಂತ ವಿಚಾರಣೆ ಶುರುಮಾಡಿದರು.

ಸ್ವಾಮಿ, ಕಾರು ನನ್ನದು. ಆರ್‌ಸಿಯಲ್ಲಿ ನನ್ನ ಹೆಸರಿತ್ತು. ಪೆಟ್ರೋಲು ನನ್ನ ಜೇಬಿನದು. ಇನ್ನು ಯಾರನ್ನು ಕೇಳಬೇಕಿತ್ತು?

"ನನ್ ಕೇಳ್ಬೇಕಿತ್ತು ಕಣಣ್ಣ," ಅಂದ ಎದುರು ಮನೆಯ ನಾರಾಯಣಪ್ಪ. "ನನ್ ಮಗಳ ಧಾರೆ ಸೀರೆ ಹಾಸು ಈಗ ಯಾವ್ದಕ್ಕೆ ಕಟ್ಲಿ? ನಿನ್ ಕಾಲಿಗಾ?"

ಹೊಸ ಓದುಗರಿಗೆ ಸ್ವಲ್ಪ ಹಿನ್ನೆಲೆ ಬೇಕು. (ಹಳಬರು ಕಾಫಿ ಮಾಡಿಕೊಂಡು ಬರಬಹುದು.) ಹಿಂದೂಪುರದಲ್ಲಿ ನಾನಿರುವುದು ನೇಕಾರರ ಬೀದಿಯಲ್ಲಿ. ಇಲ್ಲಿ ಸೀರೆ ನೇಯುವ ಮೊದಲು ಹಾಸಿನ ಎಳೆಗಳನ್ನು, ಅಂದರೆ ಸೀರೆಯ ಉದ್ದಕ್ಕೆ ಓಡುವ ದಾರಗಳನ್ನು, ಬೀದಿಯುದ್ದ ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಸಿಕ್ಕು ಬಿಡಿಸಿ, ಕಡಿದದ್ದನ್ನು ಸೇರಿಸಿ, ಆಮೇಲೆ ಸುತ್ತಿ ಮಗ್ಗಕ್ಕೆ ಒಯ್ಯುತ್ತಾರೆ. ಎರಡು ತುದಿಗೂ ಗಟ್ಟಿ ಗೂಟ ಬೇಕು. ಸಿಮೆಂಟ್ ರೋಡ್ ಬಂದಾಗ ನಮ್ಮ ಮನೆ ಮುಂದಿನ ಕಲ್ಲುಗೂಟ ಹೋಯಿತು. ಅದರ ಹಿಂದೆಯೇ ನನ್ನ ಜೀವನದ ಮೊದಲ ಕಾರು ಬಂತು.

ಸೆಕೆಂಡ್ ಹ್ಯಾಂಡ್. ಬಣ್ಣ ಬಿಳಿ ಅಂತ ಆರ್‌ಸಿ ಹೇಳುತ್ತಿತ್ತು. ಡ್ರೈವರ್ ಕಡೆಯ ಬಾಗಿಲು ತೆರೆಯುತ್ತಿರಲಿಲ್ಲವಾದ್ದರಿಂದ ನಾನು ಪಕ್ಕದ ಸೀಟಿನ ಕಡೆಯಿಂದ ಹತ್ತಿ, ಗೇರ್ ದಾಟಿ, ತೂರಿಕೊಂಡು ನನ್ನ ಸೀಟು ತಲುಪಬೇಕು. ಆಮೇಲೆ ಹೆಂಡತಿ ಲಲಿತ ಹತ್ತಬೇಕು. ಪೆನುಕೊಂಡದ ಏರಿನಲ್ಲಿ ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ಇರಲಿ ಬಿಡಿ. ಚಕ್ರಗಳಿಗೆ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆದು, ಅದನ್ನು ಹತ್ತಿದ ದಿನ ನನ್ನಷ್ಟು ಸುಖಿ ಈ ಸೀಮೆಯಲ್ಲೇ ಇರಲಿಲ್ಲ.

ಮಾರನೇ ದಿನ ಎದ್ದು ನೋಡಿದರೆ, ಬಂಪರ್‌ನಿಂದ ಬೀದಿಯ ಆ ತುದಿಯವರೆಗೆ ಗುಲಾಬಿ ಬಣ್ಣದ ರೇಷ್ಮೆ!

"ಭೇಷಾಗಿ ನಿಂತಿತ್ತು, ಕಟ್ಬುಟ್ವಿ. ಅರ್ಧ ಗಂಟೆ ಅಷ್ಟೇ," ಅಂದಿದ್ದ ನಾರಾಯಣಪ್ಪ.

ಆ ಅರ್ಧ ಗಂಟೆ ವರ್ಷಗಟ್ಟಲೆ ನಡೆಯಿತು. ನೆಂಟರ ಮದುವೆಗೆ ಲಲಿತ ಜರಿ ಸೀರೆ ಉಟ್ಟುಕೊಂಡು ಆಟೋದಲ್ಲಿ ಹೋದಳು, ಏಕೆಂದರೆ ಕಾರು ಇನ್ಯಾರದೋ ಸೀರೆ ಹಿಡಿದುಕೊಂಡು ನಿಂತಿತ್ತು. ನಾನು ಕೆಲಸಕ್ಕೆ ಬಸ್ಸು ಹತ್ತಿದರೆ ಕಂಡಕ್ಟರ್, "ಏನ್ ಸಾರ್, ಇವತ್ತೂ ಕಾರು ಡ್ಯೂಟಿ ಮೇಲೈತಾ?" ಅನ್ನುತ್ತಿದ್ದ. ಬೈದುಕೊಳ್ಳುತ್ತಿದ್ದೆ, ನಿಜ. ಆದರೆ ಯಾರ ಮೈಮೇಲಾದರೂ ಒಳ್ಳೆಯ ಸೀರೆ ಕಂಡರೆ, ಇದು ನಮ್ಮ ಬಂಪರ್‌ನದೇ ಇರಬಹುದು ಅಂತ ಒಳಗೊಳಗೇ ಬೀಗುತ್ತಲೂ ಇದ್ದೆ.

ಬುಧವಾರದ ವಿಚಾರಣೆಯಲ್ಲಿ, ಈಗ ಹೊಸ ಕಾರು ತಂದಿದ್ದೀನಲ್ಲ, ಅದಕ್ಕೇ ಕಟ್ಟು ಅಂದೆ. ನಾರಾಯಣಪ್ಪ ಹಗ್ಗ ಬಿಗಿದದ್ದೇ ತಡ, ಕಾರು ಕಿಟಾರನೆ ಕಿರುಚಿಕೊಂಡಿತು. ಬೀದಿನಾಯಿಗಳು ದಿಕ್ಕಾಪಾಲಾದವು. ಕಳ್ಳರು ಮುಟ್ಟಿದರೆ ಕೂಗುತ್ತದಂತೆ. ನೇಕಾರನಿಗೂ ಕಳ್ಳನಿಗೂ ವ್ಯತ್ಯಾಸ ತಿಳಿಯದ ಮೇಲೆ ಅದೆಂಥ ಬುದ್ಧಿವಂತ ಕಾರು?

ಹೋಗಲಿ, ಯಾವುದಾದರೂ ಆಟೋಗೆ ಕಟ್ಟಪ್ಪ ಅಂದೆ. ನಾರಾಯಣಪ್ಪನ ಮುಖ ಸಣ್ಣಗಾಯಿತು.

"ಆ ಕಾರಿಗೆ ಕಟ್ಟಿದ್ ಹಾಸು ಒಂದಾನ ಕೈ ಕೊಟ್ಟಿಲ್ಲ ಕಣಣ್ಣ. ಊರೋರ ಮಕ್ಕಳ ಸೀರೆಯೆಲ್ಲಾ ಅದಕ್ಕೆ ಕಟ್ಟಿ, ನನ್ ಮಗಳದು ಮಾತ್ರ ಆಟೋಗೆ ಕಟ್ಲಾ?"

ಜೀವನವಿಡೀ ಬೇರೆಯವರ ಮದುವೆಗೆ ನೇಯ್ದ ಮನುಷ್ಯ. ಮೊದಲ ಸಲ ತನ್ನ ಮನೆಯ ಮದುವೆಗೆ ನೇಯಲು ಹೊರಟಿದ್ದಾನೆ. ಅಷ್ಟರಲ್ಲಿ ಅವನು ಹಾಸಿನ ಗಂಟನ್ನು ಹೆಗಲಿಗೇರಿಸಿಕೊಂಡೇಬಿಟ್ಟ.

"ನಡಿ, ಕಾರು ಎಲ್ಲೈತೋ ಅಲ್ಲೇ ಕಟ್ಕಂಡು ಬರಾನ. ಹನ್ನೆರಡಕ್ಕೆ ರಾಹುಕಾಲ."

ಹಳೇ ಕಾರು ಇದ್ದದ್ದು ಕಲ್ಯಾಣದುರ್ಗದಲ್ಲಿ. ಹೀಗೆ ನಾವಿಬ್ಬರೂ ಹೊಸ ಕಾರಿನಲ್ಲಿ ಹಳೇ ಕಾರನ್ನು ಹುಡುಕಿಕೊಂಡು ಹೊರಟೆವು. (ಲಲಿತ ಬಾಗಿಲಲ್ಲಿ ನಿಂತು ಹಣೆ ಚಚ್ಚಿಕೊಂಡಳು.) ಸೋಮಂದೇಪಲ್ಲಿ ದಾಟಿದ ಮೇಲೆ ಕಾರ್ಖಾನೆಯ ಬಯಲಿನಲ್ಲಿ ಹೊಚ್ಚ ಹೊಸ ಕಾರುಗಳು ಸಾಲುಸಾಲಾಗಿ ಮಿಂಚುತ್ತಿದ್ದವು. ನಾರಾಯಣಪ್ಪ ಕಿಟಕಿಗೆ ಮೂಗು ಒತ್ತಿದ.

"ಅಬ್ಬಬ್ಬಾ, ಏಸೊಂದ್ ಗೂಟ ಕಣಣ್ಣಾ!" ಆಮೇಲೆ ನಿಟ್ಟುಸಿರಿಟ್ಟ. "ಏನ್ ಬಂತು, ಎಲ್ಲಾ ಕಿರುಚೋವೇ."

ಕಲ್ಯಾಣದುರ್ಗ ತಲುಪಿದಾಗ, ಕಾರು ಕೊಂಡ ಓಬುಳೇಶು ಕೈಚೀಲ ಹಿಡಿದು ಮನೆಯಿಂದ ಆಚೆ ಬರುತ್ತಿದ್ದ. ಕಂಬದೂರಿಗೆ ದಿನಾ ಓಡಾಡಲು ಬೇಕು ಅಂತ ಅವನು ಆ ಕಾರು ಕೊಂಡದ್ದು. ಎಲ್ಲಿಗಪ್ಪಾ ಅಂದೆ.

"ಕಂಬದೂರಿಗೆ ಸಾರ್. ಬಸ್ಸಲ್ಲಿ ಹೋಯ್ತೀನಿ. ಬಟ್ಟೆ ಒಣಗೋಗಂಟ ಕಾರು ಕದಲಿಸ್ಬ್ಯಾಡ ಅಂದವ್ಳೆ ನಮ್ಮಮ್ಮ."

ನೋಡಿದೆ. ಕಾರಿನಿಂದ ಬೇವಿನ ಮರಕ್ಕೆ ಹಗ್ಗ, ಹಗ್ಗದ ತುಂಬ ಒದ್ದೆ ಸೀರೆ. ಬಾನೆಟ್ ಮೇಲೆ ಹುಣಸೆಹಣ್ಣು. ಟಾಪ್ ಮೇಲೊಂದು ಮೇಕೆ. ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆ ಉರಿಯಿತು. ಭಾನುವಾರ ಹೋದ ಕಾರು ಇಷ್ಟು ಬೇಗ ಇನ್ನೊಂದು ಮನೆಗೆ ಒಗ್ಗಿಕೊಳ್ಳುವುದೇ?

ಅದರ ಕಟ್ಟು ಬಿಚ್ಚಿಸುವುದು ಹೇಗೆ ಅಂತ ನಾನು ಯೋಚಿಸುತ್ತಿದ್ದರೆ, ನಾರಾಯಣಪ್ಪ ಓಬುಳೇಶುವಿನ ತಾಯಿಯ ಮುಂದೆ ಗಂಟು ಬಿಚ್ಚಿ ತೋರಿಸಿದ. ಅರಿಶಿನ ಬಣ್ಣದ ರೇಷ್ಮೆ.

"ಪೆಳ್ಳಿ ಚೀರಾ? ಮದುವೆ ಸೀರೆ ಅಂತ ಮೊದ್ಲೇ ಹೇಳ್ಬಾರ್ದಾ ಕಣಪ್ಪ!" ಅನ್ನುತ್ತಲೇ ಆಕೆ ಒದ್ದೆ ಬಟ್ಟೆ ಎಳೆದು ಬುಟ್ಟಿಗೆ ಹಾಕಿದಳು. ಮೇಕೆಯನ್ನು ಇಳಿಸಿದಳು. ಓಬುಳೇಶು ಬಸ್ಸು ಬಿಟ್ಟು ಬೇವಿನ ಮರದ ಕಡೆಯ ತುದಿ ಬಿಗಿದ.

ಹಾಸು ನಿಂತಿತು. ನಾರಾಯಣಪ್ಪ ಆ ತುದಿಯಿಂದ ಈ ತುದಿಗೆ ಎಳೆಗಳ ಮೇಲೆ ಕೈಯಾಡಿಸುತ್ತ ಬಂದ. ಒಂದೆಳೆಯೂ ಕಡಿದಿರಲಿಲ್ಲ. ಬಂಪರ್ ಹತ್ತಿರ ಬಂದವನು ಅದನ್ನೊಮ್ಮೆ ತಟ್ಟಿ, ಹೆಗಲ ಟವೆಲ್‌ನಿಂದ ಕಣ್ಣೊರೆಸಿಕೊಂಡ. ಓಬುಳೇಶುವಿನ ತಾಯಿ ಮಾತ್ರ, "ಮದುವಿಗೆ ನಮ್ಮನ್ನೂ ಕರೀರಿ ಮತ್ತೆ," ಅಂದಳು.

ಅಷ್ಟರಲ್ಲಿ ಕೆಳಗಿಳಿಸಿದ್ದ ಮೇಕೆ ಹೋಗಿ ನನ್ನ ಹೊಸ ಕಾರಿಗೆ ಮೈ ಉಜ್ಜಿತು. ಕಾರು ಇಡೀ ಕಲ್ಯಾಣದುರ್ಗಕ್ಕೆ ಕೇಳುವ ಹಾಗೆ ಬಾಯಿ ಬಡಿದುಕೊಂಡಿತು.

ಶೋರೂಮಿನಲ್ಲಿ ಮೈಲೇಜ್ ಕೇಳಿದ್ದೆ, ಸ್ಪೀಡ್ ಕೇಳಿದ್ದೆ. ನಾಲ್ಕು ಜನಕ್ಕೆ ಬೇಕಾದಾಗ ಸುಮ್ಮನೆ ನಿಲ್ಲಲು ಬರುತ್ತದಾ ಅಂತ ಕೇಳುವುದು ನನಗೆ ಯಾಕೆ ಹೊಳೆಯಲಿಲ್ಲ?